ಲೈಕ್ ಮಾಡಕ್ಕಾಗಲ್ಲ ಮೇಡಂ, ಭಾವ ಇದ್ದಾರೆ

ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದ ದಿನ ಭರಣಿಯ ಫೋಟೋ ಇಲ್ಲಿ ಹಾಕಿದ್ದೆ. ಮುನ್ನೂರು ಚಿಲ್ಲರೆ ಲೈಕ್. ಮುಕ್ಕಾಲು ಪಾಲು ಹೆಂಗಸರದ್ದು. ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾದ ವಾರ, ಅಂದರೆ 2023ರ ಜೂನ್‌ನಲ್ಲಿ, ಬಸ್ಸಿನ ಬಗ್ಗೆ ಒಂದು ಪೋಸ್ಟ್ ಹಾಕಿದೆ. ಅರವತ್ತು ಕಮೆಂಟ್ ಬಂತು, ಹೆಂಗಸರು ಇಬ್ಬರೇ. ಅದರಲ್ಲೊಬ್ಬಳು ನಮ್ಮಕ್ಕ. ಅವಳು ಬರೆದಿದ್ದು, "ಊಟ ಆಯ್ತಾ?"

ಹಾಗಂತ ಹೆಂಗಸರು ಓದಲಿಲ್ಲ ಅಂದುಕೊಳ್ಳಬೇಡಿ. ಅವತ್ತು ರಾತ್ರಿ ಇನ್‌ಬಾಕ್ಸ್ ತುಂಬಿಹೋಯಿತು. "ಸರಿಯಾಗಿ ಬರ್ದಿದೀರಿ ಮೇಡಂ. ಲೈಕ್ ಮಾಡಕ್ಕಾಗಲ್ಲ, ನಮ್ಮ ಭಾವ ಫ್ರೆಂಡ್ ಲಿಸ್ಟಲ್ಲಿದ್ದಾರೆ." "ನಮ್ಮೂರಿಗೂ ಬಸ್ಸಿಲ್ಲ, ಆದ್ರೆ ನನ್ನ ಹೆಸರು ಎಲ್ಲೂ ಹೇಳ್ಬೇಡಿ." ಬಸ್ಸಿಲ್ಲ ಅನ್ನೋದಕ್ಕೂ ಹೆಸರು ಮುಚ್ಚಿಡಬೇಕು ನೋಡಿ. ನನ್ನ ಇನ್‌ಬಾಕ್ಸಲ್ಲಿ ನಡೆಯುವಷ್ಟು ಒಳ್ಳೆಯ ರಾಜಕೀಯ ಚರ್ಚೆ ಟಿವಿಯಲ್ಲಂತೂ ನಡೆಯಲ್ಲ. ಅದಕ್ಕೇ ಹೆಂಗಸರಿಗೆ ರಾಜಕೀಯದಲ್ಲಿ ಆಸಕ್ತಿ ಇಲ್ಲ ಅಂತ ಯಾರಾದರೂ ಅಂದರೆ ನಂಗೆ ನಗು ಬರುತ್ತೆ.

ನಾನು ಬರೆದಿದ್ದು ಇಷ್ಟೇ. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಫ್ರೀ ಮಾಡಿದ್ದು ಒಳ್ಳೆಯದು. ಆದರೆ ನಮ್ಮ ಮಲೆನಾಡಿನ ಎಷ್ಟೋ ಊರಿಗೆ ಓಡೋದು ಪ್ರೈವೇಟ್ ಬಸ್, ಅದರಲ್ಲಿ ಫ್ರೀ ಇಲ್ಲ. ಮೊದಲು ಬಸ್ ಬಿಡಿ. ಒಳ್ಳೆಯದು ಅಂದಿದ್ದಕ್ಕೆ ಒಂದು ಗುಂಪು ನನ್ನನ್ನು ಸರ್ಕಾರದ ಗಂಜಿ ಗಿರಾಕಿ ಮಾಡಿತು. ಬಸ್ ಬಿಡಿ ಅಂದಿದ್ದಕ್ಕೆ ಇನ್ನೊಂದು ಗುಂಪು ಮೋದಿ ಭಕ್ತೆ ಮಾಡಿತು. ಬಸ್ಸಿನ ಬಗ್ಗೆ ಮಾತಾಡಿದವರು ಮೂರೋ ನಾಲ್ಕೋ ಜನ.

ಅದಕ್ಕಿಂತ ಮಜಾ ಅಂದರೆ ಆ ಕಮೆಂಟುಗಳಲ್ಲಿ ನನ್ನ ಹೆಸರು ಬದಲಾಗುತ್ತಾ ಹೋದದ್ದು. ಶುರುವಾಗಿದ್ದು "ಮೇಡಂ, ನೀವು ಹೇಳಿದ್ದು ತಪ್ಪು" ಅಂತ. ನಾನು ಉತ್ತರ ಕೊಟ್ಟೆ. ಆಗ "ಅಕ್ಕಾ, ಸ್ವಲ್ಪ ತಿಳ್ಕೊಳಿ" ಆಯಿತು. ಮತ್ತೊಂದು ಉತ್ತರಕ್ಕೆ ಆಂಟಿ ಆದೆ. ಆಮೇಲೆ ಬಹುವಚನ ಹೋಯಿತು. "ನಿಂಗೇನ್ ಗೊತ್ತು, ಹೋಗಿ ಅಡುಗೆ ನೋಡ್ಕೋ." ಕೊನೆಗೆ "ಗಂಡ ಏನ್ ಮಾಡ್ತಾನೆ ನಿಂದು?" ನಮ್ಮ ಭಾಷೆಯಲ್ಲಿ ಇದೊಂದು ಅನುಕೂಲ ಇದೆ. ಮರ್ಯಾದೆ ಎಲ್ಲಿ ಮುಗೀತು ಅಂತ ಕ್ರಿಯಾಪದ ನೋಡಿದರೆ ಸಾಕು, ಗೊತ್ತಾಗಿಬಿಡುತ್ತೆ.

ಗಂಡಸರಿಗೆ ಬೈಯಲ್ವಾ ಅಂತ ಕೇಳ್ತೀರಿ. ಬೈತಾರೆ, ಚೆನ್ನಾಗೇ ಬೈತಾರೆ. ಆದರೆ ಅವರಿಗೆ ಬೈಯುವಾಗಲೂ ಅವರ ಅಮ್ಮನ, ಅಕ್ಕನ ಹೆಸರು ಹಿಡಿದೇ ಬೈತಾರಲ್ಲ, ಹಾಗಾಗಿ ಜಗಳ ಯಾರದ್ದೇ ಇರಲಿ, ಕೊನೆಗೆ ಬೈಸಿಕೊಳ್ಳೋರು ನಾವೇ. 2019ರ ಲೋಕಸಭಾ ಚುನಾವಣೆ ಹೊತ್ತಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಯವರು 95 ಮಹಿಳಾ ರಾಜಕಾರಣಿಗಳ ಹೆಸರಿದ್ದ ಟ್ವೀಟ್‌ಗಳನ್ನು ಜಾಲಾಡಿದ್ದರು. ಏಳರಲ್ಲಿ ಒಂದು ಬೈಗುಳ, ಇಲ್ಲಾ ಹೀಯಾಳಿಕೆ. ಅವರ ಬೆನ್ನಿಗಾದರೂ ಪಕ್ಷ ಇದೆ, ಕಾರ್ಯಕರ್ತರಿದ್ದಾರೆ. ಬ್ಯಾಂಕ್ ಕೆಲಸ ಮುಗಿಸಿ ಬಂದು ಕುಕ್ಕರ್ ಕೂಗೋ ಹೊತ್ತಲ್ಲಿ ಫೋನ್ ಹಿಡಿಯೋ ನನ್ನಂಥವಳಿಗೆ ಯಾರಿದ್ದಾರೆ?

ಫೋಟೋದ್ದು ಇನ್ನೊಂದು ಗೋಳು. ಹೆಂಗಸರ ಸುರಕ್ಷತೆಗೆ ಅಂತ ಫೇಸ್‌ಬುಕ್ 2020ರಲ್ಲಿ ನಮ್ಮ ದೇಶಕ್ಕೆ ಅಪರಿಚಿತರಿಗೆ ಫೋಟೋ, ಪೋಸ್ಟ್ ಕಾಣದಂತೆ ಮಾಡೋ ಪ್ರೊಫೈಲ್ ಲಾಕ್ ಕೊಟ್ಟಿತು. ಲಾಕ್ ಮಾಡಿ ಮಾತಾಡಿದರೆ "ಫೇಕ್ ಅಕೌಂಟ್" ಅಂತಾರೆ. ಮಾಡದಿದ್ದರೆ ಮಗಳ ಫೋಟೋ ತೆಗೆದು ಕಮೆಂಟಲ್ಲಿ ಹಾಕ್ತಾರೆ. ನನಗೆ ಒಮ್ಮೆ ಹಾಗಾಯಿತು, ಪೋಸ್ಟ್ ಅಳಿಸಿದೆ. ಹೌದು, ಹೆದರಿಯೇ ಅಳಿಸಿದ್ದು. 2022ರ ಹೊಸ ವರ್ಷದ ದಿನ ಮಾತು ಬಲ್ಲ ಮುಸ್ಲಿಂ ಹೆಣ್ಣುಮಕ್ಕಳ ಫೋಟೋ ಕದ್ದು ಆ್ಯಪ್‌ನಲ್ಲಿ "ಹರಾಜಿಗೆ" ಇಟ್ಟಿದ್ದರಲ್ಲ, ಆ ಕೇಸಲ್ಲಿ ಸಿಕ್ಕಿಬಿದ್ದವರಲ್ಲಿ ಒಬ್ಬ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಎಲ್ಲೋ ದೂರದ ಸಂಗತಿ ಅಂದುಕೊಳ್ಳೋದು ಹೇಗೆ?

ಲೈಕ್ ಒತ್ತೋಕೂ ಹೆದರ್ತಾರಾ ಅಂತ ನಗೋರು ಮುಂಬೈ ಹತ್ತಿರದ ಪಾಲ್ಘರ್ ನೆನಪು ಮಾಡಿಕೊಳ್ಳಲಿ. 2012ರಲ್ಲಿ ಶಿವಸೇನೆಯ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಯಾಕೆ ಅಂತ ಅಲ್ಲಿನ ಒಬ್ಬ ಹುಡುಗಿ ಬರೆದಳು, ಅವಳ ಗೆಳತಿ ಲೈಕ್ ಒತ್ತಿದಳು, ಪೊಲೀಸರು ಇಬ್ಬರನ್ನೂ ಹಿಡಿದರು. ಆಮೇಲೆ ಶ್ರೇಯಾ ಸಿಂಘಾಲ್ ಅನ್ನೋ ಯುವತಿ ಸುಪ್ರೀಂ ಕೋರ್ಟಿಗೆ ಹೋದಳು. 2015ರಲ್ಲಿ, ಆ ಹುಡುಗಿಯರನ್ನು ಹಿಡಿಯೋಕೆ ಬಳಸಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಬಿದ್ದುಹೋಯಿತು. ಅದೇನೋ ಆಯಿತು, ಭಾವನನ್ನು ಫ್ರೆಂಡ್ ಲಿಸ್ಟಿಂದ ತೆಗೆಸೋಕೆ ಯಾವ ಕೋರ್ಟಿಗೆ ಹೋಗೋದು?

ಆದರೆ ಎಲ್ಲ ತಪ್ಪನ್ನೂ ಹೊರಗಿನವರ ಮೇಲೆ ಹಾಕಿ ಕೂತರೆ ಸುಳ್ಳಾಗುತ್ತೆ. ನಮ್ಮೊಳಗೇ ಒಂದು ಪರೀಕ್ಷಾ ಮಂಡಳಿ ಕೂತಿದೆ. 2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿ ಮಸೂದೆ ಪಾಸಾದಾಗ ನಮ್ಮ ಹಳೇ ಕ್ಲಾಸ್‌ಮೇಟ್ಸ್ ಗ್ರೂಪಲ್ಲಿ ಒಬ್ಬ "ಮುಂದಿನ ಎಲೆಕ್ಷನ್‌ನಲ್ಲೇ ಜಾರಿ, ಇನ್ನು ನಿಮ್ಮದೇ ರಾಜ್ಯ" ಅಂತ ಹಾಕಿದ. ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಅಂತ ಮಸೂದೆಯಲ್ಲೇ ಬರೆದಿತ್ತು. ನನಗೆ ಗೊತ್ತಿತ್ತು. ಆದರೂ ಮಸೂದೆ ತೆಗೆದು ಓದಿ, ಮತ್ತೊಮ್ಮೆ ಓದಿ, ನಮ್ಮ ವಿಧಾನಸಭೆಯಲ್ಲಿ 224ರಲ್ಲಿ ಆ ಸಲ ಗೆದ್ದ ಹೆಂಗಸರು 10 ಜನ ಅಂತ ಹೆಸರು ಸಮೇತ ಎಣಿಸಿಕೊಂಡು, ಒಂದು ಗಂಟೆ ಬಿಟ್ಟು ಉತ್ತರ ಬರೆದೆ. ಅಷ್ಟರಲ್ಲಿ ಗ್ರೂಪು ಕ್ರಿಕೆಟ್‌ಗೆ ಹೋಗಿತ್ತು. ಅವನು ತಪ್ಪು ಹೇಳೋಕೆ ಹತ್ತು ಸೆಕೆಂಡ್, ನಾನು ಸರಿ ಹೇಳೋಕೆ ಒಂದು ಗಂಟೆ. ಅದೂ "ನನಗೆ ಅಷ್ಟು ಗೊತ್ತಿಲ್ಲ, ಆದರೆ" ಅಂತ ಶುರು ಮಾಡಿದ್ದೆ. ಓದಿಕೊಂಡು ಬಂದು ಗೊತ್ತಿಲ್ಲ ಅಂದೆನಲ್ಲ, ಅದಕ್ಕೆ ಈಗಲೂ ಸಿಟ್ಟು ಬರುತ್ತೆ.

ನಮ್ಮ ಚಿಕ್ಕಮ್ಮ 1987ರಲ್ಲಿ ಮಂಡಲ ಪಂಚಾಯ್ತಿ ಸದಸ್ಯೆ ಆಗಿದ್ದವರು. ದೇಶಕ್ಕೆಲ್ಲ ಪಂಚಾಯ್ತಿ ಮೀಸಲಾತಿ ಬರೋ ಮುಂಚೆಯೇ ಕರ್ನಾಟಕ ಹೆಂಗಸರಿಗೆ ಶೇ. 25 ಸೀಟು ಇಟ್ಟಿತ್ತು, ಆಗ ಗೆದ್ದವರು. ಬೋರ್‌ವೆಲ್ ವಿಷಯಕ್ಕೆ ಮಂಡಲದ ಮುಖ್ಯಸ್ಥರಾದ ಪ್ರಧಾನರನ್ನೇ ಸಭೆಯಲ್ಲಿ ನಿಲ್ಲಿಸಿ ಕೇಳಿದ್ದರಂತೆ. ಅಂಥವರು ಈಗ ಫ್ಯಾಮಿಲಿ ಗ್ರೂಪಲ್ಲಿ ಹಾಕೋದು ಬರೀ ಗುಲಾಬಿ ಹೂವಿನ ಶುಭೋದಯ. ಯಾಕೆ ಚಿಕ್ಕಮ್ಮ ಅಂದರೆ, "ಅಲ್ಲಿ ಬೈದ್ರೆ ಎದುರಿಗೆ ಮುಖ ಕಾಣ್ತಿತ್ತು ಕಣೇ. ಮರುದಿನ ಅದೇ ಮುಖ ಅಂಗಡಿ ಹತ್ರ ಸಿಗ್ತಿತ್ತು, ಅವ್ನಿಗೂ ನಾಚಿಕೆ ಇರ್ತಿತ್ತು. ಇಲ್ಲಿ ಯಾರಿಗೆ ನಾಚಿಕೆ?" ಅಂದರು. ಎಷ್ಟೇ ಯೋಚಿಸಿದರೂ ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಅದಕ್ಕೆ ನಾನೀಗ ಒಂದು ಸಣ್ಣ ಕೆಲಸ ಮಾಡ್ತಿದ್ದೇನೆ. ಇನ್‌ಬಾಕ್ಸಿಗೆ ಬಂದವರಿಗೆ "ಇದನ್ನೇ ಕಮೆಂಟಲ್ಲಿ ಒಂದು ಸಾಲು ಬರೀರಿ, ಯಾರಾದ್ರೂ ಏನಾದ್ರೂ ಅಂದ್ರೆ ನಾನು ನೋಡ್ಕೋತೀನಿ" ಅಂತ ಹೇಳ್ತೇನೆ. ಹತ್ತು ಜನಕ್ಕೆ ಹೇಳಿದರೆ ಒಂಬತ್ತು ಜನ ನಮಸ್ಕಾರದ ಇಮೋಜಿ ಕಳಿಸಿ ಸುಮ್ನಾಗ್ತಾರೆ. ಹೋದ ವಾರ ಆ ಭಾವ ಇದ್ದಾರೆ ಅಂದವರು ಬರೆದರು. "ನಮ್ಮೂರಿಗೆ ಸಂಜೆ 5 ಆದ್ಮೇಲೆ ಬಸ್ಸಿಲ್ಲ. ಎಂಎಲ್‌ಎ ಇದ್ರ ಬಗ್ಗೆ ಮಾತಾಡ್ಲಿ." ಅಷ್ಟೇ. ಯಾರೋ ಒಬ್ಬ ನಗೋ ಇಮೋಜಿ ಒತ್ತಿದ್ದಾನೆ. ಇವರು ಅಳಿಸಿಲ್ಲ.

ಭಾವ ನೋಡಿದರಂತೆ. ಏನೂ ಅಂದಿಲ್ಲವಂತೆ, ಇನ್ನೂ.