ಮೊದಲು ನೋಡಬೇಕಾದದ್ದು ಪವರ್ ಸಪ್ಲೈ

ಆನ್ ಆಗದ ಬಿಬಿಸಿ ಮೈಕ್ರೊ ಕಂಪ್ಯೂಟರಿನಲ್ಲಿ ಮೊದಲು ಮದರ್‌ಬೋರ್ಡಿನ ಚಿಪ್‌ಗಳನ್ನು ಒಂದೊಂದಾಗಿ ಬದಲಿಸಿ ನೋಡಬೇಕೆಂದು ಅದರ ದುರಸ್ತಿಯ ಕುರಿತ ಲೇಖನದಲ್ಲಿ ಲೇಖಕರು ಕೊಟ್ಟ ಸಲಹೆಯನ್ನು, ವಿಶೇಷವಾಗಿ ನಮ್ಮ ಮಂಗಳೂರು, ಉಡುಪಿಯ ಓದುಗರ ಹಿತದೃಷ್ಟಿಯಿಂದ, ನಾನು ಒಪ್ಪಲಾರೆ. 1980ರ ದಶಕದ ಈ ಯಂತ್ರದ ಪವರ್ ಸಪ್ಲೈಯಲ್ಲಿ, ಕರೆಂಟ್ ಒಳಬರುವ ಕಡೆ, ಕಾಗದದ ಫಿಲ್ಟರ್ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಹಿಡಿದಿಡುವ, ಕರೆಂಟಿನ ಗದ್ದಲವನ್ನು ಸೋಸುವ ಬಿಡಿಭಾಗಗಳು) ಇದ್ದು, ವರ್ಷಗಳು ಕಳೆದಂತೆ ಅವುಗಳ ಹೊರಕವಚ ಬಿರುಕು ಬಿಟ್ಟು ತೇವವನ್ನು ಹೀರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಬಟ್ಟೆಯೇ ಒಣಗದ ನಮ್ಮ ಕರಾವಳಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಸ್ವಿಚ್ ಹಾಕಿದೊಡನೆ ಕಟು ವಾಸನೆಯ ಹೊಗೆ ಬಂದರೆ ಕಾರಣ ಬಹುತೇಕ ಇದೇ. ಇವುಗಳ ಜಾಗಕ್ಕೆ ಅಷ್ಟೇ ಮೌಲ್ಯದ, ಎಕ್ಸ್2 ದರ್ಜೆಯ (ಮನೆಯ ಕರೆಂಟಿಗೆ ನೇರವಾಗಿ ಜೋಡಿಸಲೆಂದೇ ತಯಾರಾದ) ಪಾಲಿಪ್ರೊಪಿಲೀನ್ ಕೆಪಾಸಿಟರ್‌ಗಳನ್ನೇ ಹಾಕಬೇಕು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದಾದ್ದರಿಂದ, ಅನುಭವವಿಲ್ಲದವರು ಪವರ್ ಸಪ್ಲೈಯ ಪೆಟ್ಟಿಗೆಯನ್ನು ದಯವಿಟ್ಟು ತೆರೆಯಬಾರದು.

ಬೋರ್ಡಿಗೆ 5 ವೋಲ್ಟ್ ಸರಿಯಾಗಿ, ಅಂದರೆ 4.75ಕ್ಕಿಂತ ಕಡಿಮೆಯಾಗದಂತೆ, ತಲುಪುತ್ತಿದ್ದರೆ ಮುಂದೆ ಕಿವಿಗೊಟ್ಟು ಕೇಳಬೇಕು. ಆನ್ ಮಾಡಿದಾಗ ಧ್ವನಿಯ ಚಿಪ್ ತಾನಾಗಿಯೇ ನಾದ ಹೊರಡಿಸುತ್ತದೆ. ಅದನ್ನು ನಿಲ್ಲಿಸಿ ಚಿಕ್ಕ ಬೀಪ್ ಕೊಡುವುದು ಪ್ರೊಸೆಸರಿನ ಕೆಲಸ. ನಾದ ನಿಲ್ಲದಿದ್ದರೆ ಆ ಪ್ರೊಸೆಸರಿನ, ಅಂದರೆ 6502 ಚಿಪ್ಪಿನ, 40ನೇ ಕಾಲಿನಲ್ಲಿ ರೀಸೆಟ್ (ಮೊದಲಿನಿಂದ ಶುರುಮಾಡಿಸುವ) ಸಂಕೇತ, 37ನೆಯದರಲ್ಲಿ ಕ್ಲಾಕ್ (ಕೆಲಸದ ತಾಳ ಹಾಕುವ) ಸಂಕೇತ ಪರೀಕ್ಷಿಸಿರಿ. ಅದಕ್ಕೂ ಮೊದಲು ಸಾಕೆಟ್‌ಗಳಲ್ಲಿರುವ ಚಿಪ್‌ಗಳನ್ನು ಕಿತ್ತು, ಉಪ್ಪುಗಾಳಿಗೆ ಕಪ್ಪಾದ ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಮತ್ತೆ ಕೂರಿಸುವುದು ಖರ್ಚಿಲ್ಲದ ಕೆಲಸ.