ತಪ್ಪು ಯಾರದು ಎನ್ನುವ ಮೊದಲು

ಕೆಲಸದ ಜಾಗದಲ್ಲಿ ಒಬ್ಬನಿಗೆ ಪೆಟ್ಟಾದರೆ ಸುತ್ತಲಿನವರು ಮೊದಲು ಆಡುವ ಮಾತು, ‘ಅವನೇ ನೋಡಿಕೊಂಡು ಮಾಡಬೇಕಿತ್ತು.’ ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇದೇ ಮಾತನ್ನು ನ್ಯಾಯಾಲಯಗಳ ಬಾಯಿಂದ ಬಿಡಿಸುವುದಕ್ಕೆ ಕಾರ್ಮಿಕರು ಎರಡು ಮೂರು ತಲೆಮಾರು ಕಾಯಬೇಕಾಯಿತು.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರೈಲಿಗೆ ಹಳಿ ಬದಲಿಸಿಕೊಡುವ ಸ್ವಿಚ್‌ಮನ್ ಒಬ್ಬ ಹಳಿಯ ಸ್ವಿಚ್ ಸರಿಯಾಗಿ ಹಾಕದೆ ರೈಲು ಹಳಿ ತಪ್ಪಿತು. ಎಂಜಿನ್ ಚಾಲಕನ ಬಲಗೈ ಹೋಯಿತು. 1842ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವನಿಗೆ ಏನೂ ಸಿಗುವುದಿಲ್ಲ ಎಂದಿತು. ತಪ್ಪು ಸಹೋದ್ಯೋಗಿಯದು, ರೈಲು ಕಂಪನಿಯದಲ್ಲ. ಅಲ್ಲದೆ ಅಪಾಯದ ಕೆಲಸವೆಂದೇ ಅವನಿಗೆ ಹೆಚ್ಚು ಸಂಬಳವಿತ್ತು. ದಿನಕ್ಕೆ ಎರಡು ಡಾಲರ್! ಆ ಹಣದಲ್ಲಿ ಕೈಯ ಬೆಲೆಯೂ ಸೇರಿತ್ತಂತೆ. ಇಂಗ್ಲೆಂಡಿನಲ್ಲೂ ಮಾಲೀಕರ ರಕ್ಷಣೆಗೆ ಇಂಥ ವಾದಗಳೇ ಇದ್ದವು: ಸಹೋದ್ಯೋಗಿಯ ತಪ್ಪು, ನಿನ್ನದೇ ಅಜಾಗರೂಕತೆ, ಅಪಾಯ ಗೊತ್ತಿದ್ದೇ ಕೆಲಸಕ್ಕೆ ಬಂದೆ.

1884ರಲ್ಲಿ ಬಿಸ್ಮಾರ್ಕ್‌ನ ಜರ್ಮನಿ ಈ ಲೆಕ್ಕವನ್ನೇ ಬದಲಿಸಿ, ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಅಪಘಾತ ವಿಮೆಯನ್ನು ಮಾಲೀಕರ ವಂತಿಗೆಯಿಂದ ತಂದಿತು. ಸಮಾಜವಾದಿಗಳ ಕಡೆಗೆ ಕಾರ್ಮಿಕರು ವಾಲದಿರಲಿ ಎಂಬ ರಾಜಕೀಯ ಅದರ ಹಿಂದೆ ಇತ್ತು, ಇರಲಿ. 1897ರಲ್ಲಿ ಬ್ರಿಟನ್ನಿನಲ್ಲೂ ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡಿಸುವ ಕಾನೂನು ಬಂತು. ನ್ಯೂಯಾರ್ಕಿನ ಕತೆ ಮಾತ್ರ ಎದೆಗೆ ನಾಟುತ್ತದೆ. ಅಲ್ಲಿನ ಮೇಲ್ಮನವಿ ನ್ಯಾಯಾಲಯ 1911ರ ಮಾರ್ಚ್ 24ರಂದು ಪರಿಹಾರದ ಕಾಯ್ದೆಯನ್ನು ಸಂವಿಧಾನಬಾಹಿರ ಎಂದು ರದ್ದುಮಾಡಿತು. ತಪ್ಪಿಲ್ಲದ ಮಾಲೀಕನಿಂದ ಹಣ ಕಸಿಯಬಾರದು ಎಂಬುದು ಅದರ ನಿಲುವು. ಮರುದಿನವೇ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಹೆಚ್ಚಿನವರು ವಲಸೆ ಬಂದ ಹೆಣ್ಣುಮಕ್ಕಳು.

ನಮ್ಮಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಬ್ರಿಟಿಷ್ ಮಾದರಿಯಲ್ಲೇ ಬಂತು. ಯಾವ ಅಂಗ ಹೋದರೆ ದುಡಿಯುವ ಶಕ್ತಿ ಎಷ್ಟು ಹೋದಂತೆ ಎಂದು ಅದು ಶೇಕಡಾವಾರು ಕಟ್ಟಿತು; ತಿದ್ದುಪಡಿಯಾದ ಪಟ್ಟಿಯಲ್ಲಿ ಹೆಬ್ಬೆರಳಿಗೆ 30, ತೋರುಬೆರಳಿಗೆ 14. ಈ ಪಟ್ಟಿ ಓದುವುದು ಕಷ್ಟ. ಆದರೆ ಮೊಣಕೈ ಮೇಲಿನಿಂದ ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಟ್ಟಿಯಾಚೆ ನೋಡಿತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ಇದು ಪೂರ್ಣ ಅಂಗವೈಕಲ್ಯ ಎಂದಿತು. ಪರಿಹಾರದ ಹೊಣೆ ಹುಟ್ಟುವುದು ಅಪಘಾತವಾದ ದಿನವೇ, ಪರಿಹಾರ ನಿರ್ಧರಿಸುವ ಆಯುಕ್ತರು ತೀರ್ಪು ಕೊಟ್ಟ ದಿನವಲ್ಲ ಎಂದೂ ಹೇಳಿತು. ನಮ್ಮ ನ್ಯಾಯಾಲಯಗಳ ಬಗ್ಗೆ ಹೆಮ್ಮೆಪಡಬೇಕಾದ ಗಳಿಗೆ ಅದು.

ಈ ಕಾನೂನಿನಲ್ಲಿ ಸಾಮಾನ್ಯ ಅಜಾಗರೂಕತೆ ಪರಿಹಾರ ನಿರಾಕರಿಸಲು ಕಾರಣವೇ ಅಲ್ಲ. ಕುಡಿದಿದ್ದು, ಬೇಕೆಂದೇ ಸುರಕ್ಷತಾ ನಿಯಮ ಮೀರಿದ್ದು, ಬೇಕೆಂದೇ ರಕ್ಷಣಾ ಸಾಧನ ತೆಗೆದದ್ದು ಬೇರೆ ಮಾತು; ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಆ ನೆಪಗಳೂ ನಡೆಯುವುದಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಆದರೂ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ‘ತಪ್ಪು ನಿನ್ನದೇ’ ಎಂದು ನಂಬಿಸಿ, ಒಂದಿಷ್ಟು ನೋಟು ಕೊಟ್ಟು, ರಾಜಿ ಪತ್ರಕ್ಕೆ ಸಹಿ ಹಾಕಿಸುವವರಿದ್ದಾರೆ. ದಯವಿಟ್ಟು ನಿಮಗೆ ಗೊತ್ತಿರುವ ಪ್ರತಿ ಕಾರ್ಮಿಕನಿಗೂ ಹೇಳಿ: ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಾನೂನಿನ ಕಣ್ಣಿನಲ್ಲಿ ಅಸಿಂಧು. ಸಾವಿನ ಪ್ರಕರಣದಲ್ಲಿ ಹಣವನ್ನು ಪರಿಹಾರ ನಿರ್ಧರಿಸುವ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಮನೆಯವರ ಕೈಗೆ ಗುಟ್ಟಾಗಿ ತುರುಕಿದ್ದರಿಂದ ಮಾಲೀಕನ ಹೊಣೆ ತೀರುವುದಿಲ್ಲ.