ಗೋಡೆ ಮುಚ್ಚುವ ಮೊದಲು ಒಂದು ರಾತ್ರಿ ಕೊಡಿ

"ಎಸಿ ಗ್ಯಾಸ್ ಖಾಲಿಯಾಗಿದೆಯಂತೆ. ತುಂಬಿಸೋಕೆ ಎಷ್ಟು ತಗೋತೀಯಪ್ಪಾ?"

ಬೇಸಿಗೆ ಬಂತೆಂದರೆ ನನ್ನ ಫೋನಿಗೆ ದಿನಕ್ಕೆ ನಾಲ್ಕೈದು ಸಲ ಈ ಪ್ರಶ್ನೆ ಬರುತ್ತದೆ. ಈ ಸಲ ಕೇಳಿದವರು ರಿಟೈರ್ ಆದ ಒಬ್ಬ ಫಿಸಿಕ್ಸ್ ಮೇಡಂ. ಬೆಂಗಳೂರಿನಲ್ಲಿ ಸ್ವಂತ ಮನೆ ಕಟ್ಟಿಸಿ, ಬೆಡ್‌ರೂಮಿಗೆ ಒಂದೂವರೆ ಟನ್ನಿನ ಎಸಿ ಹಾಕಿಸಿ ನಾಲ್ಕು ವರ್ಷವಾಗಿದೆ. ಹೋದ ಮೂರು ಬೇಸಿಗೆಯೂ ಯಾರೋ ಬಂದು ಗ್ಯಾಸ್ ತುಂಬಿಸಿ, ಸಲಕ್ಕೆ 3,000 ರೂಪಾಯಿಯ ಹತ್ತಿರ ತಗೊಂಡು ಹೋಗಿದ್ದಾರೆ. "ಗಾಡಿಗೆ ಪೆಟ್ರೋಲ್ ಹಾಕಿಸೋ ಹಾಗೆ ಇದಕ್ಕೂ ವರ್ಷಕ್ಕೊಂದು ಸಲ ಬೇಕೇನೋ ಅಂದ್ಕೊಂಡಿದ್ದೆ" ಎಂದರು.

ಎಸಿ ಕೆಲಸದಲ್ಲಿ ನನಗೆ ಹದಿನೇಳು ವರ್ಷವಾಯಿತು. ಈ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇವತ್ತು ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಮನೆ ಕಟ್ಟಿಸುತ್ತಿರುವವರು, ಎಸಿ ಕೊಳ್ಳಬೇಕೆಂದಿರುವವರು ದಯವಿಟ್ಟು ಪೂರ್ತಿ ಓದಿ.

ಎಸಿಯಲ್ಲಿ ಗ್ಯಾಸ್ ಖರ್ಚಾಗುವುದಿಲ್ಲ. ಅದು ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ರೂಮಿನ ಬಿಸಿಯನ್ನು ಹೊತ್ತು ಹೊರಗೆ ಬಿಟ್ಟು ಮತ್ತೆ ಒಳಗೆ ಬರುತ್ತದೆ. ನಿಮ್ಮ ಅಡುಗೆಮನೆಯ ಫ್ರಿಜ್‌ಗೆ ವರ್ಷ ವರ್ಷ ಗ್ಯಾಸ್ ತುಂಬಿಸುತ್ತೀರಾ? ಹತ್ತು ಹದಿನೈದು ವರ್ಷ ಅದೇ ಗ್ಯಾಸಿನಲ್ಲಿ ಓಡುತ್ತದೆ ಅಲ್ವಾ? ಎರಡರ ಒಳಗಿನ ಏರ್ಪಾಡೂ ಒಂದೇ. ಆದರೆ ಫ್ರಿಜ್‌ನ ಎಲ್ಲ ಜೋಡಣೆಯೂ ಫ್ಯಾಕ್ಟರಿಯಲ್ಲೇ ಮುಗಿದು, ಟೆಸ್ಟ್ ಆಗಿ, ಸೀಲ್ ಆಗಿ ಬರುತ್ತದೆ. ಸ್ಪ್ಲಿಟ್ ಎಸಿ ಅರ್ಧ ಮಾತ್ರ ಫ್ಯಾಕ್ಟರಿಯಲ್ಲಿ ತಯಾರಾಗುತ್ತದೆ. ಉಳಿದರ್ಧ ನಿಮ್ಮ ಮನೆಯಲ್ಲಿ, ಏಣಿಯ ಮೇಲೆ ನಿಂತ ಹುಡುಗನ ಕೈಯಲ್ಲಿ. ರೂಮಿನೊಳಗಿನ ಇನ್‌ಡೋರ್ ಯೂನಿಟ್‌ನಿಂದ ಹೊರಗಿನ ಔಟ್‌ಡೋರ್ ಯೂನಿಟ್‌ಗೆ ದಪ್ಪದೊಂದು, ಸಣ್ಣದೊಂದು ತಾಮ್ರದ ಪೈಪು ಹೋಗುತ್ತದೆ. ಇನ್‌ಡೋರ್ ಕಡೆ ಎರಡು, ಔಟ್‌ಡೋರ್ ಕಡೆ ಎರಡು, ಒಟ್ಟು ನಾಲ್ಕು ಜಾಯಿಂಟ್. ಗ್ಯಾಸ್ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬುವುದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ.

ಮೇಡಂ ಮನೆಗೆ ಹೋಗಿ ಮೊದಲು ಆ ನಾಲ್ಕು ಜಾಯಿಂಟಿಗೂ ಸೋಪಿನ ನೊರೆ ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಗ್ಯಾಸ್ ಸೋರುವ ಕಡೆ ಅದರ ಜೊತೆ ಆಯಿಲ್ ಕೂಡ ಬರುತ್ತದೆ, ಧೂಳು ಅಂಟಿ ಕಪ್ಪು ಜಿಡ್ಡು ಕಟ್ಟುತ್ತದೆ. ಆ ಗುರುತೂ ಇರಲಿಲ್ಲ. ಉಳಿದಿದ್ದು ಗೋಡೆಯೊಳಗೆ ಹೋದ ಪೈಪು. ಸಿಸ್ಟಮ್‌ನಲ್ಲಿ ಉಳಿದಿದ್ದ ಗ್ಯಾಸನ್ನು ರಿಕವರಿ ಸಿಲಿಂಡರಿಗೆ ಎಳೆದುಕೊಂಡು, ಪೈಪನ್ನು ಎರಡೂ ಕಡೆ ಬಿಚ್ಚಿದೆ. ಒಂದು ತುದಿ ಮುಚ್ಚಿ, ಇನ್ನೊಂದರಿಂದ 400 ಪಿಎಸ್‌ಐ (ಒತ್ತಡದ ಅಳತೆ) ನೈಟ್ರೋಜನ್ ತುಂಬಿದೆ. ಅರ್ಧ ಗಂಟೆಯಲ್ಲಿ ಗೇಜಿನ ಮುಳ್ಳು 370ಕ್ಕೆ ಇಳಿದಿತ್ತು.

ಗೋಡೆ ಒಡೆಯಲೇಬೇಕಾಯಿತು. ಆ ಸದ್ದಿಗೆ ಮೇಡಂ ಮುಖ ನೋಡಲಾಗಲಿಲ್ಲ. ಮನೆ ಕಟ್ಟುವಾಗ ಪೈಪು ಎರಡಡಿ ಕಡಿಮೆ ಬಿದ್ದಿದೆ. ಯಾರೋ ಒಂದು ತುಂಡು ಸೇರಿಸಿ ಬೆಸುಗೆ ಹಾಕಿ, ಟೆಸ್ಟ್ ಮಾಡದೆ ಗಾರೆ ಹಾಕಿಸಿದ್ದಾರೆ. ಬೆಸುಗೆಯ ಹಿಂಬದಿಯಲ್ಲಿ, ಗೋಡೆಗೆ ಒತ್ತಿಕೊಂಡಿದ್ದ ಕಡೆ, ಸೂಜಿ ಮೊನೆಯಷ್ಟು ತೂತು. ನೊರೆ ಹಚ್ಚಿದ ತಕ್ಷಣ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಎದ್ದವು.

"ಇಷ್ಟಕ್ಕಾ ಮೂರು ವರ್ಷ?" ಅಂದರು ಮೇಡಂ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಹೊಸ ಮನೆಗಳಲ್ಲಿ ಎಲ್ಲರಿಗೂ ಪೈಪು ಕಾಣಿಸಬಾರದು, ಗೋಡೆಯೊಳಗೇ ಹೋಗಬೇಕು. ತಪ್ಪೇನಿಲ್ಲ, ನೋಡಲು ಚೆಂದ. ಆದರೆ ಗೋಡೆ ಮುಚ್ಚುವ ಮೊದಲು ಆ ಪೈಪಿಗೆ ನೈಟ್ರೋಜನ್ ತುಂಬಿ ಒಂದು ರಾತ್ರಿ ಪೂರ್ತಿ ಬಿಡಿ. ಸಾಧ್ಯವಾದರೆ 24 ಗಂಟೆ. ಇನ್ನೂ ಒಳ್ಳೆಯದೆಂದರೆ ಪ್ಲಾಸ್ಟರಿಂಗ್ ಮುಗಿಯುವ ತನಕ ಗೇಜನ್ನು ಹಾಗೇ ಬಿಡುವುದು. ಗಾರೆಯವರ ಮೊಳೆಯೋ ಎಲೆಕ್ಟ್ರಿಷಿಯನ್‌ನ ಡ್ರಿಲ್ಲೋ ತಾಗಿದರೆ ಮುಳ್ಳು ಅವತ್ತೇ ಹೇಳಿಬಿಡುತ್ತದೆ. ಒತ್ತಡ ಒಂದೇ ಸಲ ಏರಿಸಬಾರದು. ಮೊದಲು 75 ಪಿಎಸ್‌ಐ, ಐದು ನಿಮಿಷ ನೋಡಿ 200, ಆಮೇಲೆ 400. ಕಂಪನಿಯ ಪುಸ್ತಕದಲ್ಲಿ ಇದಕ್ಕಿಂತ ಜಾಸ್ತಿ ಬರೆದಿದ್ದರೆ ಅಷ್ಟು. ಪೈಪಿನ ತುದಿಗಳನ್ನು ಮಾತ್ರ ಯಾವತ್ತೂ ತೆರೆದಿಡಬೇಡಿ. ಸಿಮೆಂಟಿನ ಧೂಳು, ಕ್ಯೂರಿಂಗ್ ನೀರು, ಇರುವೆ ಎಲ್ಲವೂ ಒಳಗೆ ಸೇರುತ್ತವೆ.

ಇಲ್ಲೊಂದು ಎಚ್ಚರಿಕೆ. ನೈಟ್ರೋಜನ್ ಸಿಗಲಿಲ್ಲ ಎಂದು ವೆಲ್ಡಿಂಗ್ ಆಕ್ಸಿಜನ್ ತುಂಬಿ ಟೆಸ್ಟ್ ಮಾಡುವವರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಒತ್ತಡದಲ್ಲಿರುವ ಆಕ್ಸಿಜನ್ ಕಂಪ್ರೆಸರ್ ಆಯಿಲ್‌ಗೆ ತಾಗಿದರೆ ಬೆಂಕಿಯೇ ಬೇಡ, ತಾನಾಗಿ ಸಿಡಿಯುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಾಡಲು ಹೊರಟರೆ ಕೈ ಹಿಡಿದು ನಿಲ್ಲಿಸಿ.

ಟೆಸ್ಟ್ ಮುಗಿಯಿತು ಎಂದುಕೊಳ್ಳೋಣ. ಮುಂದಿನದು ವ್ಯಾಕ್ಯೂಮ್. ನಮ್ಮ ಊರುಗಳಲ್ಲಿ ಹೆಚ್ಚಿನ ಇನ್‌ಸ್ಟಾಲೇಷನ್‌ನಲ್ಲಿ ಬಿಟ್ಟುಹೋಗುವುದು ಇದೇ. ಪೈಪಿನೊಳಗೆ ಗಾಳಿ ಇರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ. ಅದನ್ನು ಪಂಪಿನಿಂದ ಎಳೆದು ತೆಗೆಯಬೇಕು. ಬದಲಿಗೆ ಬಹಳ ಜನ ಔಟ್‌ಡೋರ್ ವಾಲ್ವನ್ನು ಸ್ವಲ್ಪ ತೆರೆದು, ಇನ್ನೊಂದು ತುದಿಯಿಂದ ಹತ್ತು ಸೆಕೆಂಡ್ ಗ್ಯಾಸ್ ಬಿಟ್ಟು, "ಗಾಳಿ ಹೋಯ್ತು ಸಾರ್" ಎನ್ನುತ್ತಾರೆ. ಇದಕ್ಕೆ ಪರ್ಜ್ ಮಾಡುವುದು ಎನ್ನುತ್ತೇವೆ. ಹಳೆಯ ಎಸಿಗಳಲ್ಲಿದ್ದ ಆರ್-22 ಗ್ಯಾಸಿನ ಕಾಲದ ಅಭ್ಯಾಸ ಇದು. ಈಗಿನ ಎಸಿಗಳ ಆಯಿಲ್ ತೇವವನ್ನು ಕುಡಿಯುವ ಜಾತಿಯದ್ದು. ತೇವ ಸೇರಿದ ಆಯಿಲ್ ನಿಧಾನಕ್ಕೆ ಹುಳಿಯಾಗಿ ಆಸಿಡ್ ಆಗುತ್ತದೆ. ಒಂದೆರಡು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ದಿನ ಕಂಪ್ರೆಸರ್ ವೈಂಡಿಂಗ್ ಸುಟ್ಟುಹೋಗುತ್ತದೆ. ಪರ್ಜ್ ಮಾಡಿದ ಆ ಹತ್ತು ಸೆಕೆಂಡ್ ಅಷ್ಟು ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ. ಅಲ್ಲದೆ ಈಗ ಬಹಳಷ್ಟು ಎಸಿಗಳಲ್ಲಿ ಬರುವ ಆರ್-32 ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸ್. ಅದನ್ನು ಮುಚ್ಚಿದ ಕೋಣೆಯಲ್ಲಿ ಸುಮ್ನೆ ಬಿಡಬಾರದು.

ವ್ಯಾಕ್ಯೂಮ್ ಗಾಳಿಯನ್ನು ತೆಗೆಯುವುದಷ್ಟೇ ಅಲ್ಲ, ನೀರನ್ನೂ ಒಣಗಿಸುತ್ತದೆ. ಒತ್ತಡ ಕಡಿಮೆಯಾದಷ್ಟೂ ನೀರು ಕಡಿಮೆ ಬಿಸಿಯಲ್ಲಿ ಕುದಿಯುತ್ತದೆ. ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ 7,60,000 ಮೈಕ್ರಾನ್ (ವ್ಯಾಕ್ಯೂಮ್ ಅಳೆಯಲು ನಾವು ಬಳಸುವ ಒತ್ತಡದ ಸಣ್ಣ ಅಳತೆ). ಅದನ್ನು 24,000ಕ್ಕಿಂತ ಕೆಳಗೆ ತಂದರೆ 25 ಡಿಗ್ರಿ ರೂಮಿನಲ್ಲೇ ನೀರು ಕುದಿದು ಆವಿಯಾಗುತ್ತದೆ. ನಾವು 500 ಮೈಕ್ರಾನ್‌ವರೆಗೆ ಎಳೆಯುತ್ತೇವೆ, ತೇವ ಉಳಿಯಲು ಜಾಗವೇ ಇರುವುದಿಲ್ಲ. ಇದನ್ನು ಹೇಳಿದಾಗ ಮೇಡಂ ಕಣ್ಣು ಅರಳಿತು. "ಮೂವತ್ತು ವರ್ಷ ಪಾಠ ಮಾಡಿದ್ದೀನಿ, ನಮ್ಮನೆ ಗೋಡೆಯಲ್ಲೇ ನಡೆಯುತ್ತೆ ಅಂತ ಗೊತ್ತಿರಲಿಲ್ಲ" ಎಂದರು.

ಹೊಸದಾಗಿ ಕೆಲಸಕ್ಕೆ ಬಂದ ತಮ್ಮಂದಿರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಎಷ್ಟೇ ಒಳ್ಳೆ ಪಂಪ್ ಹಾಕಿದರೂ ಮಾಮೂಲಿ ಗೇಜಿನ ಮುಳ್ಳು ವ್ಯಾಕ್ಯೂಮ್ ಕಡೆ 27 ಇಂಚಿನ (ಪಾದರಸದ ಲೆಕ್ಕ) ಹತ್ತಿರ ನಿಲ್ಲುತ್ತದೆ. ಮಂಗಳೂರಿನಲ್ಲಿ 30ರ ಹತ್ತಿರ ಹೋಗುತ್ತದೆ. ಪಂಪ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಮುಳ್ಳು ಅಲ್ಲಿಗೆ ಬಂತೆಂದು ಪಂಪ್ ನಿಲ್ಲಿಸಲೂ ಬೇಡಿ. ಮುಳ್ಳಿನ ಗೇಜಿನಲ್ಲಿ 5,000 ಮೈಕ್ರಾನ್‌ಗೂ 500ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಒಂದು ಡಿಜಿಟಲ್ ಮೈಕ್ರಾನ್ ಗೇಜ್ ಕೊಂಡುಕೊಳ್ಳಿ. ಪಂಪ್ ಬಂದ್ ಮಾಡಿ ಹತ್ತು ನಿಮಿಷ ಕಾಯಿರಿ. ಅಂಕಿ ಏರುತ್ತಲೇ ಹೋದರೆ ಲೀಕ್. ಸಾಕಷ್ಟು ಏರಿ ಆಮೇಲೆ ನಿಂತರೆ ಒಳಗೆ ಇನ್ನೂ ತೇವ ಇದೆ.

ಇನ್ಸುಲೇಷನ್ ವಿಷಯ. ಗೋಡೆಯಿಂದ ನೀರು ತೊಟ್ಟಿಕ್ಕುತ್ತದೆ, ಪೇಂಟ್ ಉಬ್ಬಿದೆ ಎಂಬ ದೂರುಗಳಲ್ಲಿ ಕೆಲವಕ್ಕೆ ಡ್ರೈನ್ ಪೈಪ್ ಕಾರಣ. ಆದರೆ ಬಹಳಷ್ಟು ಸಲ ನಾನು ಕಂಡಿದ್ದು ಸರಿಯಾಗಿ ಮುಚ್ಚದ ತಾಮ್ರದ ಪೈಪು. ದಪ್ಪ ಪೈಪಿಗೆ ಮಾತ್ರ ರಬ್ಬರ್ ಹಾಕಿ ಸಣ್ಣದನ್ನು ಬೆತ್ತಲೆ ಬಿಡುತ್ತಾರೆ. ಆದರೆ ಮನೆಯ ಸ್ಪ್ಲಿಟ್ ಎಸಿಗಳಲ್ಲಿ ಸಾಮಾನ್ಯವಾಗಿ ಔಟ್‌ಡೋರ್‌ನಲ್ಲೇ ಒತ್ತಡ ಇಳಿದು ಗ್ಯಾಸ್ ತಣ್ಣಗಾಗಿ ಹೊರಡುತ್ತದೆ, ಹಾಗಾಗಿ ಸಣ್ಣ ಪೈಪು ಕೂಡ ತಣ್ಣಗಿರುತ್ತದೆ. ಎರಡಕ್ಕೂ ಬೇರೆ ಬೇರೆ ನೈಟ್ರೈಲ್ ರಬ್ಬರ್ ಟ್ಯೂಬ್ ಬೇಕು. ಎರಡನ್ನೂ ಒಂದೇ ಟ್ಯೂಬಿನೊಳಗೆ ತುರುಕಬಾರದು. ಕರಾವಳಿಯಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಮೇ ತಿಂಗಳಲ್ಲಿ 32 ಡಿಗ್ರಿ, ತೇವ ಶೇ. 75 ಇದ್ದರೆ 27 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕೂರುತ್ತದೆ. ಪೈಪು ಹತ್ತು ಡಿಗ್ರಿಯ ಆಸುಪಾಸು ಇರುತ್ತದೆ. ಬೆಂಗಳೂರಿನಲ್ಲಿ 9 ಮಿಲಿಮೀಟರ್ ದಪ್ಪದ ರಬ್ಬರ್ ನಡೆದೀತು, ಅಲ್ಲಿ 13 ಅಥವಾ 19 ಹಾಕಿಸಿ. ಟೇಪನ್ನು ಬಿಗಿಯಾಗಿ ಎಳೆದು ಸುತ್ತಿದರೆ ಅಚ್ಚುಕಟ್ಟಾಗಿ ಕಾಣುತ್ತದೆ ನಿಜ. ಆದರೆ ರಬ್ಬರಿನೊಳಗಿನ ಗಾಳಿಯೇ ತಣ್ಣನ್ನು ತಡೆಯುವುದು. ಹಿಸುಕಿ ಚಪ್ಪಟೆ ಮಾಡಿದರೆ 13 ಹಾಕಿದ್ದೂ ದಂಡ. ಹೊರಗಡೆ ಬಿಸಿಲು ಬೀಳುವ ಕಡೆ ಮೇಲೊಂದು ಹೊದಿಕೆ ಬೇಕೇ ಬೇಕು, ಇಲ್ಲದಿದ್ದರೆ ಕೆಲವೇ ವರ್ಷದಲ್ಲಿ ರಬ್ಬರ್ ಒಡೆದು ಪುಡಿಯಾಗುತ್ತದೆ. ಮತ್ತೆ, ಜಾಯಿಂಟಿನ ಮೇಲೆ ರಬ್ಬರ್ ಮುಚ್ಚುವುದು ಟೆಸ್ಟ್ ಆದ ಮೇಲೆಯೇ. ಮೊದಲೇ ಮುಚ್ಚಿದರೆ ಗುಳ್ಳೆ ನೋಡುವುದೆಲ್ಲಿ?

ಕೊನೆಗೆ ಗ್ಯಾಸ್. ಅದನ್ನು ತೂಕ ಮಾಡಿ ಹಾಕಬೇಕು. ಔಟ್‌ಡೋರ್ ಮೇಲಿನ ಸ್ಟಿಕ್ಕರಿನಲ್ಲಿ ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಎಷ್ಟು ಮೀಟರ್ ಪೈಪಿನ ತನಕ ಅದು ಸಾಕು, ಆಮೇಲೆ ಮೀಟರಿಗೆ ಎಷ್ಟು ಸೇರಿಸಬೇಕು ಎಂಬುದು ಇನ್‌ಸ್ಟಾಲೇಷನ್ ಪುಸ್ತಕದಲ್ಲಿರುತ್ತದೆ. ಮೇಡಂ ಮನೆಯದ್ದು 850 ಗ್ರಾಂ ಆರ್-32, 5 ಮೀಟರ್ ತನಕ. ಪೈಪು 9 ಮೀಟರ್ ಇತ್ತು. ಮೀಟರಿಗೆ 15 ಗ್ರಾಂನಂತೆ 60 ಗ್ರಾಂ ಸೇರಿಸಿ 910 ಗ್ರಾಂ. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಅಷ್ಟನ್ನೇ ಹಾಕಿದೆ. ಗೇಜ್ ನೋಡಿ "ಪ್ರೆಷರ್ ಬಂತು" ಎಂದು ನಿಲ್ಲಿಸುವುದು ಹಳೆಯ ಎಸಿಗಳಲ್ಲಿ ಹೇಗೋ ನಡೆಯುತ್ತಿತ್ತು. ಈಗಿನ ಇನ್ವರ್ಟರ್ ಎಸಿಗಳಲ್ಲಿ ಕಂಪ್ರೆಸರ್ ವೇಗ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಪ್ರೆಷರ್ ಕೂಡ ಅದರ ಜೊತೆ ಕುಣಿಯುತ್ತದೆ. ಅದನ್ನು ನಂಬಿ ಹಾಕಿದರೆ ಜಾಸ್ತಿಯೋ ಕಡಿಮೆಯೋ ಆಗುವುದು ಖಂಡಿತ.

ಸೋರಿದ ಗ್ಯಾಸ್ ಎಲ್ಲಿಗೆ ಹೋಯಿತು ಎಂದೂ ಮೇಡಂ ಕೇಳಿದರು. ಒಂದು ಕೆಜಿ ಆರ್-32 ಗಾಳಿಗೆ ಸೇರಿದರೆ ನೂರು ವರ್ಷದ ಲೆಕ್ಕದಲ್ಲಿ 675 ಕೆಜಿ ಕಾರ್ಬನ್ ಡೈ ಆಕ್ಸೈಡ್‌ನಷ್ಟು ಬಿಸಿ ಮಾಡುತ್ತದೆ. ಎಸಿಗಳಲ್ಲಿ ಬರುವ ಇನ್ನೊಂದು ಗ್ಯಾಸ್ ಆರ್-410ಎ ಆದರೆ ಎರಡು ಸಾವಿರ ಕೆಜಿಗೂ ಮೇಲೆ. ಅವರ ಮನೆಯಲ್ಲಿ ಸಲಕ್ಕೆ ಅರ್ಧ ಕೆಜಿಯಂತೆ ಮೂರು ಸಲ ಎಂದು ಹಿಡಿದರೂ ಒಂದು ಟನ್ ಕಾರ್ಬನ್ ಡೈ ಆಕ್ಸೈಡ್‌ನಷ್ಟಾಯಿತು. ಸೂಜಿ ಮೊನೆಯಷ್ಟು ತೂತಿನಿಂದ.

ಹಾಗಾದರೆ ಮೆಕ್ಯಾನಿಕ್‌ಗಳೆಲ್ಲ ಕಳ್ಳರಾ? ಖಂಡಿತ ಅಲ್ಲ. ನಾನು ಅವರಲ್ಲೊಬ್ಬ. ಅಂಗಡಿಯಲ್ಲಿ "ಫ್ರೀ ಇನ್‌ಸ್ಟಾಲೇಷನ್" ಎಂದು ಬೋರ್ಡ್ ಹಾಕಿರುತ್ತಾರೆ. ಏಣಿ ಹತ್ತುವ ಹುಡುಗನಿಗೆ ಸಿಗುವುದು ಪೀಸ್ ಲೆಕ್ಕ. ಏಪ್ರಿಲ್‌ನಲ್ಲಿ ದಿನಕ್ಕೆ ಐದಾರು ಪೀಸ್ ಮುಗಿಸಲೇಬೇಕು. ನೈಟ್ರೋಜನ್ ಸಿಲಿಂಡರನ್ನು ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಹೊತ್ತರೆ ಅವನಿಗೆ ಒಂದು ರೂಪಾಯಿಯೂ ಜಾಸ್ತಿ ಸಿಗುವುದಿಲ್ಲ. ಪಂಪ್ ಓಡಿಸುತ್ತಾ ಅರ್ಧ ಗಂಟೆ ಕೂತರೆ "ಏನಪ್ಪಾ, ಸುಮ್ನೆ ಕೂತಿದ್ದೀಯಲ್ಲ" ಎಂದು ಮನೆಯವರೇ ಕೇಳುತ್ತಾರೆ. ನನಗೂ ಕೇಳಿದ್ದಾರೆ. ಶುರುವಿನ ಎರಡು ವರ್ಷ ನಾನೂ ಪರ್ಜ್ ಮಾಡಿಯೇ ಎದ್ದು ಬಂದಿದ್ದೇನೆ. ಆ ಮನೆಗಳನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಅದಕ್ಕೆ ನನ್ನ ಅಭಿಪ್ರಾಯ ಇಷ್ಟು. ಪ್ರೆಷರ್ ಟೆಸ್ಟ್‌ಗೂ ವ್ಯಾಕ್ಯೂಮ್‌ಗೂ ಬಿಲ್ಲಿನಲ್ಲಿ ಬೇರೆ ಸಾಲು ಇರಬೇಕು, ಆ ದುಡ್ಡು ಕೆಲಸ ಮಾಡಿದವನ ಕೈಗೆ ಹೋಗಬೇಕು. ನಲವತ್ತು ಸಾವಿರದ ಎಸಿ ಕೊಳ್ಳುವವರು ಇನ್ನೊಂದು ಸಾವಿರಕ್ಕೆ ಹಿಂದೆಮುಂದೆ ನೋಡಬೇಡಿ. ಕೊಡುತ್ತೇನೆಂದು ಮೊದಲೇ ಹೇಳಿ, ಕೊಟ್ಟು, ಎದುರಿಗೆ ನಿಂತು ಮಾಡಿಸಿಕೊಳ್ಳಿ. ಅವನು ಕೂತಿರುವ ಆ ಅರ್ಧ ಗಂಟೆಯೇ ಕೆಲಸ. ಒಂದು ಲೋಟ ಕಾಫಿ ಕೊಡಿ, ಅವಸರ ಮಾಡಬೇಡಿ.

ಮೇಡಂ ಮನೆಯಲ್ಲಿ ಆ ತುಂಡನ್ನು ಕತ್ತರಿಸಿ ತೆಗೆದೆ. ಪೈಪಿನೊಳಗೆ ಕಪ್ಪು ಹಿಡಿಯದಂತೆ ನೈಟ್ರೋಜನ್ ಹರಿಸುತ್ತಲೇ ಹೊಸ ಬೆಸುಗೆ ಹಾಕಿದೆ. ಮತ್ತೆ 400 ತುಂಬಿದೆ. ನನಗೆ ಕೆಲಸ ಕಲಿಸಿದ ಮೇಷ್ಟ್ರು ಒಂದು ಅಭ್ಯಾಸ ಮಾಡಿಸಿದ್ದರು: ಹೊತ್ತು, ಒತ್ತಡ, ಬಿಸಿ, ಮೂರನ್ನೂ ಗೇಜಿನ ಪಕ್ಕ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಬೇಕು. ಹಾಗೇ ಬರೆದೆ. ಸಂಜೆ 6-10, 400, 29 ಡಿಗ್ರಿ.

"ರಾತ್ರಿ ತಣ್ಣಗಾಗುತ್ತೆ ಕಣಪ್ಪಾ, ಒತ್ತಡ ತಾನಾಗೇ ಇಳಿಯುತ್ತಲ್ಲ?" ಎಂದರು ಮೇಡಂ.

"ಇಳಿಯುತ್ತೆ ಮೇಡಂ. ಒಂದು ಡಿಗ್ರಿಗೆ ಹೆಚ್ಚು ಕಡಿಮೆ ಒಂದೂವರೆ ಪಿಎಸ್‌ಐ ಲೆಕ್ಕ. ಅದಕ್ಕಿಂತ ಜಾಸ್ತಿ ಇಳಿದರೆ ಲೀಕ್ ಅಂತ ಅರ್ಥ."

ಮರುದಿನ ಬೆಳಗ್ಗೆ ನಾನು ಏಳುವ ಮೊದಲೇ ಫೋನ್ ಬಂತು. "ಆರೂವರೆ ಗಂಟೆ, 22 ಡಿಗ್ರಿ, ಮುಳ್ಳು 390. ನಾನೇ ಲೆಕ್ಕ ಹಾಕಿ ನೋಡಿದೆ, ಸರಿಯಾಗಿದೆ. ಗೋಡೆ ಮೇಲೆ ನಿನ್ನ ಸಾಲಿನ ಕೆಳಗೇ ಬರೆದಿದ್ದೀನಿ. ಇನ್ನು ಗಾರೆಯವನಿಗೆ ಬಾ ಅನ್ನಲಾ?"